ತಿಳಿನೀರು ಹುಡುಕಿಕೊಂಡು ಹೋದದ್ದು

ಸಮುದ್ರದ ಅಡಿಯ ಫೋಟೊ ತೆಗೆಯಲು ಎಲ್ಲಿಗೆ ಹೋಗಬೇಕು ಎಂದು ನಾನು ಒಂದು ಇಡೀ ಮಳೆಗಾಲ ಕೈಗಾ ಅಣುಸ್ಥಾವರದ ಬಸ್ಸಿನಲ್ಲಿ ಕೂತು ಯೋಚಿಸಿದ್ದೇನೆ. ಸುನಾಮಿ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಬಾಳೆಗುಳಿಯಿಂದ ಹೊರಡುವ ಕಂಪನಿ ಬಸ್ಸನ್ನು ನಾನು ಹಾರವಾಡ ಕ್ರಾಸಿನಲ್ಲಿ ಹತ್ತುತ್ತಿದ್ದೆ. ಅಂಕೋಲೆ ಪೇಟೆಯ ಇಂಟರ್‌ನೆಟ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡ ಹಾಳೆಗಳು ಊಟದ ಡಬ್ಬಿಯ ಜೊತೆ ಚೀಲದಲ್ಲಿರುತ್ತಿದ್ದವು. ಯಾವ ದ್ವೀಪದಲ್ಲಿ ನೀರು ಎಷ್ಟು ಬೆಚ್ಚಗಿರುತ್ತದೆ, ಯಾವ ತಿಂಗಳು ತಿಳಿಯಾಗಿರುತ್ತದೆ, ಎಷ್ಟು ದೂರದವರೆಗೆ ಕಣ್ಣು ಹಾಯುತ್ತದೆ, ಎಲ್ಲ ಅವುಗಳಲ್ಲಿತ್ತು. ಪಕ್ಕದ ಸೀಟಿನ ಸಹೋದ್ಯೋಗಿ ಒಂದು ದಿನ ಹಾಳೆಗಳನ್ನು ಕಸಿದುಕೊಂಡು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ, "ನೋಡ್ರೋ, ಸಮುದ್ರದ ದಂಡೆ ಮ್ಯಾಲೆ ಹುಟ್ದವ ಸಮುದ್ರ ನೋಡೂಕೆ ಎಲ್ಲಿಗೆ ಹೋಗೂದು ಅಂತ ಕಾಗದ ಓದ್ತಾ ಅದಾನೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ಓದುತ್ತಿದ್ದೇನೆ ಎಂದು ಅವರಲ್ಲಿ ಯಾರಿಗೂ ಹೇಳಿರಲಿಲ್ಲ.

ಹಿಂದಿನ ವರ್ಷದ ಗಣೇಶ ಚೌತಿಯ ಮಾರನೇ ವಾರ ನನ್ನ ಅಣ್ಣ ಸಮುದ್ರಕ್ಕೆ ಬಿದ್ದು ಹೋಗಿದ್ದ. ನಮ್ಮದು ಮೀನುಗಾರರ ಮನೆಯಲ್ಲ. ತುಂಡು ಗದ್ದೆ, ಉಳಿದಂತೆ ಕೂಲಿ. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದ. ಐಟಿಐ ಓದಿ ನಾನು ಕೈಗಾ ಸೇರಿದೆ. ಅಣ್ಣ ಓದಲಿಲ್ಲ, ಗದ್ದೆಯ ಕೆಲಸ ಇಲ್ಲದ ತಿಂಗಳುಗಳಲ್ಲಿ ಕಾರವಾರದ ಬಂದರಿನಿಂದ ಹೊರಡುವ ದೊಡ್ಡ ಬಲೆಯ ಬೋಟಿಗೆ ಆಳಾಗಿ ಹೋಗುತ್ತಿದ್ದ. ಆ ದಿನ ಬಲೆ ಬಿಡುವಾಗ ಹಗ್ಗದ ಸುರುಳಿಯೊಳಗೆ ಅವನ ಕಾಲು ಸಿಕ್ಕಿತು. ಬಲೆಯ ಅಂಚಿನ ಸೀಸದ ಭಾರ ಅವನನ್ನು ಎಳೆದುಕೊಂಡು ಹೋಯಿತು. ಬೋಟಿನಲ್ಲಿದ್ದವರೆಲ್ಲ ನೋಡಿದ್ದಾರೆ. ಇಬ್ಬರು ಹಿಂದೆಯೇ ಹಾರಿದ್ದಾರೆ. ಬಲೆಯನ್ನು ಮೇಲೆಳೆದಾಗ ಅದರ ತುಂಬ ಬಂಗಡೆಯಿತ್ತು, ಅಣ್ಣ ಇರಲಿಲ್ಲ.

ಮೂರನೇ ದಿನ ಸಮುದ್ರ ತಾನಾಗಿ ಕೊಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮೂರನೇ ದಿನ ಬೆಳಕು ಹರಿಯುವ ಮೊದಲೇ ಹಾರವಾಡದ ದಂಡೆಯಲ್ಲಿ ಅರ್ಧ ಊರು ನಿಂತಿತ್ತು. ಮೂರು ಹೋಗಿ ಐದಾಯಿತು, ಒಂಬತ್ತಾಯಿತು. ನಾನು ಬೇಲೆಕೇರಿಯ ತನಕ ನಡೆದೆ, ಇತ್ತ ಉತ್ತರಕ್ಕೆ ನೌಕಾನೆಲೆಯವರು ಹೋಗಲು ಬಿಡುವಷ್ಟು ದೂರ ನಡೆದೆ. ಸಿಕ್ಕಿದ್ದು ಒಂದು ಚಪ್ಪಲಿ, ಅದೂ ಅವನದಲ್ಲ.

ದೇಹ ಸಿಗದಿದ್ದರೆ ದರ್ಭೆಯಲ್ಲಿ ದೇಹ ಮಾಡಿ ಸುಡುವ ಕ್ರಮವಿದೆ. ಭಟ್ಟರು ಬಂದು ಅದನ್ನೇ ಹೇಳಿದರು. ಸೋದರಮಾವ, ಚಿಕ್ಕಪ್ಪ, ಎಲ್ಲರೂ ಒಪ್ಪಿದರು. ಹೆತ್ತವಳು, ನಮ್ಮ ಆಯಿ, ಒಪ್ಪಲಿಲ್ಲ. ನಮ್ಮಲ್ಲಿ ಹೆಣ ಎತ್ತುವ ಮೊದಲು ಮನೆಯವರು ಒಬ್ಬೊಬ್ಬರಾಗಿ ಬಂದು ಮುಖ ನೋಡಬೇಕು. ಯಾರಾದರೂ ಬರುವುದು ತಡವಾದರೆ ಬಟ್ಟೆ ಸರಿಸಿ ಅವರಿಗಾಗಿ ಮತ್ತೊಮ್ಮೆ ಮುಖ ತೋರಿಸುತ್ತಾರೆ. ಮುಖ ನೋಡದೆ ಕಳಿಸಿದರೆ ಕಳಿಸಿದಂತಾಗುವುದಿಲ್ಲ.

"ಮುಖ ನೋಡ್ದೇ ನಾ ಹೆಂಗೆ ಸುಡೂಕೆ ಹೇಳೂದು?" ಎಂದಳು ಆಯಿ. "ದರ್ಭೆಗೆ ಮುಖ ಅದ್ಯಾ?"

ಮಾವ ರೇಗಿದ. ಸೂತಕ ಹಿಡಿಯಿತೋ ಇಲ್ಲವೋ ಗೊತ್ತಾಗದೆ ನೆಂಟರು ಮನೆಗೆ ಬರುವುದನ್ನೇ ಕಡಿಮೆ ಮಾಡಿದರು. ಮದುವೆಯ ಕಾಗದ ಕೊಡಲು ಬಂದವರು ಅಂಗಳದಲ್ಲಿ ನಿಂತು, ಒಳಗೆ ಬರಬೇಕೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದರು. ನನಗೂ ಆಯಿಯ ಮೇಲೆ ಸಿಟ್ಟು ಬರುತ್ತಿತ್ತು. ಸತ್ತವನನ್ನು ಸತ್ತನೆಂದು ಒಪ್ಪಿ ಒಮ್ಮೆ ಗಟ್ಟಿಯಾಗಿ ಅಳಲು ಈ ಹೆಂಗಸು ನನಗೂ ಬಿಡುತ್ತಿಲ್ಲವಲ್ಲ ಎನ್ನಿಸುತ್ತಿತ್ತು. ಆಷಾಢದ ಒಂದು ಮಧ್ಯಾಹ್ನ, ಹೊರಗೆ ಧೋ ಎಂದು ಸುರಿಯುತ್ತಿರುವಾಗ, ಅವಳೇ ಮಾತು ತೆಗೆದಳು.

"ಮುಖ ಸಿಗೂದಿಲ್ಲ ಅಂತ ನಂಗೂ ಗೊತ್ತದೆ, ತಮಾ. ಅಂವ ಇದ್ದ ಜಾಗಾದ್ರೂ ಒಂದ್ಸಲ ಕಣ್ಣಿಗೆ ಬಿದ್ದಿದ್ರೆ ಸಾಕಾಗಿತ್ತು. ಅಡಿಗೆ ಬೆಳಕದ್ಯೋ ಇಲ್ವೋ, ಅದೂ ಗೊತ್ತಿಲ್ಲ ನಂಗೆ."

ಇದಾದ ಮೇಲೆ ಅಂಕೋಲೆಯ ಇಂಟರ್‌ನೆಟ್ ಅಂಗಡಿಗೆ ಹೋಗಲು ಶುರು ಮಾಡಿದೆ. ನನ್ನ ಹತ್ತಿರ ಆಗಲೇ ಒಂದು ಡಿಜಿಟಲ್ ಕ್ಯಾಮೆರಾ ಇತ್ತು. ಸಹೋದ್ಯೋಗಿಗಳ ಮನೆಯ ನಾಮಕರಣ, ಗೃಹಪ್ರವೇಶಕ್ಕೆಲ್ಲ ನಾನೇ ಫೋಟೊಗ್ರಾಫರ್. ಅದೇ ಕ್ಯಾಮೆರಾಕ್ಕೆ ಕೂರುವ, ನೀರು ನುಗ್ಗದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮುಂಬಯಿಯಿಂದ ತರಿಸಿದೆ. ಬಕೆಟ್ಟಿನಲ್ಲಿ ಮುಳುಗಿಸಿ ಎರಡು ದಿನ ನೋಡಿದೆ. ಒಂದು ಹನಿ ಒಳಗೆ ಹೋಗಲಿಲ್ಲ. ಆಯಿಗೆ ಸಮುದ್ರದ ತಳ ತೋರಿಸುತ್ತೇನೆ ಎಂದು ಹೇಳಿಯೂಬಿಟ್ಟೆ. ಅವಳು ನಂಬಿದಳೋ ಇಲ್ಲವೋ, ತಲೆಯಾಡಿಸಿದಳು.

ಎಲ್ಲಿಗೆ ಹೋಗುವುದು ಎನ್ನುವುದು ಉಳಿಯಿತು. ಹಾಳೆಯ ಹಿಂಬದಿಯಲ್ಲಿ ಊರುಗಳ ಹೆಸರು ಬರೆದು ಒಂದೊಂದನ್ನೇ ಹೊಡೆದು ಹಾಕಿದೆ. ಮಾಲ್ಡೀವ್ಸ್‌ಗೆ ಪಾಸ್‌ಪೋರ್ಟ್ ಬೇಕು, ನನ್ನ ಹತ್ತಿರ ಇರಲಿಲ್ಲ. ಅಂಡಮಾನ್ ಬಹಳ ದೂರ. ಸುನಾಮಿಯ ನಂತರ ಅಲ್ಲಿಯ ಹವಳ ಎಷ್ಟು ಉಳಿದಿದೆಯೋ ಎಂಬ ಅನುಮಾನ. ಮೇಲಾಗಿ ಅದು ಬೇರೆಯೇ ಸಮುದ್ರ. ಗೋವಾದ ನೀರು ಮಬ್ಬು ಎಂದು ಎಲ್ಲರೂ ಬರೆದಿದ್ದರು. ಮುರುಡೇಶ್ವರದ ಎದುರಿನ ನೇತ್ರಾಣಿ ನಮಗೆ ಹತ್ತಿರ, ಅಲ್ಲಿ ಆಗಷ್ಟೇ ಜನರನ್ನು ನೀರೊಳಗೆ ಇಳಿಸಲು ಶುರು ಮಾಡಿದ್ದರು. ಆದರೆ ಒಂದು ದಿನ ತಿಳಿ, ಒಂದು ದಿನ ಕಲಕು ಎಂದು ಹೋಗಿ ಬಂದವನೊಬ್ಬ ಹೇಳಿದ. ಕೊನೆಗೆ ಲಕ್ಷದ್ವೀಪ ಉಳಿಯಿತು. ಫೆಬ್ರವರಿಯಲ್ಲಿ ನೀರು ಉಗುರುಬೆಚ್ಚಗೆ, ಗಾಜಿನಷ್ಟು ತಿಳಿ. ಬಿಸಿಲು ತಳದವರೆಗೆ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದೂ ನಮ್ಮ ಅರಬ್ಬೀ ಸಮುದ್ರವೇ. ಆಯಿಗೆ ಸುಳ್ಳು ಹೇಳಿದಂತಾಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪಟ್ಟಿಯಲ್ಲಿ ನಾನು ಬರೆಯದೇ ಬಿಟ್ಟ ಜಾಗ ಒಂದೇ, ಅಣ್ಣ ಮುಳುಗಿದ ಜಾಗ. ಅದು ಮನೆಯಿಂದ ಬೋಟಿನಲ್ಲಿ ಒಂದೂವರೆ ತಾಸು. ಅಲ್ಲಿ ಫೋಟೊ ಬರುವುದಿಲ್ಲ ಎಂಬ ಒಂದೇ ಮಾತಿನಲ್ಲಿ ಅದನ್ನು ಬಿಟ್ಟೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಇನ್ನೂ ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಹಾಳೆಗಳಲ್ಲಿಯ ನೀಲಿ ನೀರು ನನ್ನ ತಲೆಗೇರಿತ್ತು. ಆಯಿಯ ಹೆಸರು ಹೇಳಿಕೊಂಡು ನಾನು ನನಗಾಗಿ ಜಾಗ ಆರಿಸುತ್ತಿದ್ದೆ.

ಫೆಬ್ರವರಿಯಲ್ಲಿ ರಜೆ ಹಾಕಿದೆ. ಪರವಾನಗಿಯ ಕಾಗದ ಹಿಡಿದು ಕೊಚ್ಚಿಗೆ ರೈಲಿನಲ್ಲಿ, ಅಲ್ಲಿಂದ ಹಡಗಿನಲ್ಲಿ ಹೋದೆ. ಮೊದಲ ಮೂರು ದಿನ ಕಲಿಸಿದರು. ಬಾಯಲ್ಲಿ ಕಚ್ಚಿಕೊಂಡ ನಳಿಗೆಯಿಂದ ಉಸಿರಾಡುವುದು, ಮುಖವಾಡದೊಳಗೆ ನೀರು ಬಂದರೆ ಮೂಗಿನಿಂದ ಊದಿ ಹೊರಹಾಕುವುದು, ಯಾವ ಕಾರಣಕ್ಕೂ ಉಸಿರು ಕಟ್ಟದಿರುವುದು. ನಾಲ್ಕನೇ ದಿನ ಕ್ಯಾಮೆರಾ ಹಿಡಿದು ಇಳಿದೆ. ಕೆಳಗೆ ಇಳಿದಂತೆ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ ಎಂದು ಓದಿದ್ದೆ. ಕೈಗೆ ಕಟ್ಟಿಕೊಂಡಿದ್ದ ದೇವರ ಕೆಂಪು ದಾರ ನನ್ನ ಕಣ್ಣೆದುರೇ ಕಪ್ಪಾಯಿತು. ಹವಳದ ಮೇಲೆ ಬಿಸಿಲು ಓಡಾಡುತ್ತಿತ್ತು. ಹಳದಿ, ನೀಲಿ, ಪಟ್ಟೆ ಪಟ್ಟೆ ಮೀನುಗಳು ಮುಖದ ಹತ್ತಿರವೇ ಬಂದು ಹೋಗುತ್ತಿದ್ದವು. ಫ್ಲ್ಯಾಶ್ ಹೊಡೆದ ಕೂಡಲೇ ಕಳೆದುಹೋದ ಕೆಂಪು ಒಂದು ಕ್ಷಣ ಮರಳಿ ಬರುತ್ತಿತ್ತು. ಕೆಳಗಿರುವಷ್ಟು ಹೊತ್ತು ನನ್ನ ಉಸಿರಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಅಷ್ಟು ಸುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಎರಡನೇ ಸಲ ಇಳಿದ ಮೇಲೆ ಅಣ್ಣನ ನೆನಪೇ ಆಗಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಊರಿಗೆ ಬಂದು ಕಾರವಾರದ ಸ್ಟುಡಿಯೋದಲ್ಲಿ ಹನ್ನೆರಡು ಫೋಟೊ ದೊಡ್ಡದಾಗಿ ಮಾಡಿಸಿದೆ. ಆಗ ಗೇರುಬೀಜದ ಕಾಲ. ಆಯಿ ಅಂಗಳದಲ್ಲಿ ಹಣ್ಣಿನಿಂದ ಬೀಜ ತಿರುಪಿ ತೆಗೆಯುತ್ತ ಕೂತಿದ್ದಳು. ಫೋಟೊ ಎಂದ ಕೂಡಲೇ ಎದ್ದಳು. ಗೇರಿನ ಸೊನೆ ತಾಗಬಾರದೆಂದು ಸಾಬೂನು ಹಾಕಿ ಎರಡೆರಡು ಸಲ ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು, ಒಳಗಿನಿಂದ ಚಾಪೆ ತಂದು ಹಾಸಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತದ್ದು ನೋಡಿ ನನಗೆ ಏನೋ ಆಯಿತು. ಅವಳು ಮುಖ ನೋಡಲು ಕೂತಿದ್ದಳು.

ಮೊದಲನೆಯದನ್ನು ಬಹಳ ಹೊತ್ತು ಹಿಡಿದುಕೊಂಡಳು.

"ಇದ್ಯಾವ ಮೀನು?"

"ಬಣ್ಣದ ಮೀನು, ಆಯಿ. ಅಡಿಗೇ ಇರ್ತವೆ."

"ಪ್ಯಾಟಿಗೆ ಬರೂದಿಲ್ಲ ಇವು."

"ಬಲೆಗೆ ಬೀಳೂದಿಲ್ಲ," ಎಂದೆ. ನಾಲಿಗೆ ಸಲೀಸಾಗಿ ಹೊರಳಿತು.

ಅವಳು ಎರಡನೆಯದು ನೋಡಿದಳು, ಮೂರನೆಯದು ನೋಡಿದಳು. ನಾನು ಮಧ್ಯೆ ಮಧ್ಯೆ ವಿವರಿಸುತ್ತಿದ್ದೆ. ಬೆಳಕು ನೋಡು, ತಳದವರೆಗೆ ಹೇಗೆ ಬಂದಿದೆ ನೋಡು, ಎಷ್ಟು ಚೊಕ್ಕಟ ನೋಡು. ಹನ್ನೆರಡೂ ಮುಗಿದ ಮೇಲೆ ಅವುಗಳನ್ನು ಒಟ್ಟು ಮಾಡಿ ಅಂಚು ಸಮ ಮಾಡಿದಳು.

"ಅಂವ ಹೋದ ದಿನ ಬಲೆ ತುಂಬ ಬಂಗಡೆ ಇತ್ತಂತೆ. ಇಲ್ಲಿ ಒಂದೂ ಇಲ್ಲ," ಎಂದಳು. "ಅದಿರ್ಲಿ. ಗಂಗಾವಳಿ ವರ್ಷಾ ವರ್ಷಾ ಅಷ್ಟ್ ಮಣ್ಣ್ ಹೊತ್ಕಂಡ್ ಹೋಗ್ತದಲ್ಲ, ಎಲ್ ಹಾಕ್ತು ಹಂಗಾರೆ ಅದ್ನ?"

ಆಯಿಯ ತವರು ಗಂಗಾವಳಿ ಹೊಳೆಯ ದಂಡೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಹುಡುಗಿಯಾಗಿದ್ದಾಗಿನಿಂದ ಮೊಣಕಾಲವರೆಗೆ ಕೆಸರಲ್ಲಿ ನಿಂತು ದುಡಿದವಳು. ಇಳಿತದ ಹೊತ್ತಿಗೆ ಹೊಳೆಯ ಕೆಸರಿನಲ್ಲಿ ಕೈಯಾಡಿಸಿ, ಕಣ್ಣಿಂದ ನೋಡದೆಯೇ ಬೆಳಚಿನ ಚಿಪ್ಪು ಆರಿಸುತ್ತಿದ್ದವಳು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಸಮುದ್ರಕ್ಕೆ ಇಳಿದು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಅರವತ್ತು ವರ್ಷ ನೋಡಿದ್ದಾಳೆ. ಅವಳಿಗೆ ನಾನು ತಿಳಿನೀರು ತಂದು ತೋರಿಸಿದ್ದೆ. ತಳ ಅಷ್ಟು ಚೊಕ್ಕಟವಾಗಿ ಕಂಡದ್ದೇ ತಪ್ಪಾಗಿತ್ತು.

"ಇದೇ ಸಮುದ್ರ, ಆಯಿ," ಎಂದೆ.

"ಸಮುದ್ರ ಇದೇ ಇರೂದು. ಜಾಗ ಇದಲ್ಲ." ಫೋಟೊಗಳನ್ನು ನನ್ನ ಕೈಗೆ ಕೊಟ್ಟಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ಚಂದ ಬಂದವೆ, ತಮಾ. ಬಸ್ಸಿನವ್ರಿಗೆ ತೋರ್ಸು."

ಅವಳು ಚಾಪೆ ಸುತ್ತಿಟ್ಟು ಮತ್ತೆ ಬೀಜ ತಿರುಪಲು ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಆ ರಾಶಿಯ ಎದುರು ಕೂತು ನಾನೂ ಒಂದು ತಾಸು ಬೀಜ ತಿರುಪಿದೆ, ತಲೆ ಎತ್ತಲಿಲ್ಲ. ಸೊನೆ ತಾಗಿ ಬೆರಳ ಚರ್ಮ ಸುಟ್ಟು ಒಂದು ವಾರ ಸುಲಿಯುತ್ತಿತ್ತು.

ಮಾರನೇ ಭಾನುವಾರ ಬೋಟಿನ ತಾಂಡೇಲನ ಮನೆಗೆ ಹೋದೆ. ಅಣ್ಣ ಹೋದಾಗ ಬೋಟು ನಡೆಸುತ್ತಿದ್ದವನು ಅವನೇ. ಆಮೇಲೆ ಅವನು ನಮ್ಮ ಮನೆಯ ಹಾದಿಯಲ್ಲಿ ಬಂದವನಲ್ಲ. ನನ್ನನ್ನು ನೋಡಿದ ಕೂಡಲೇ ಉಟ್ಟ ಲುಂಗಿ ಸರಿಮಾಡಿಕೊಂಡು ನಿಂತ. ಜಾಗ ತೋರಿಸು ಎಂದಾಗ ಅವನ ಮುಖ ಇಳಿಯಿತು.

"ಅಲ್ಲಿ ಎಂತಾ ಇಲ್ಲ ತಮಾ, ಬರೀ ರಾಡಿ."

"ರಾಡಿಯನ್ನೇ ನೋಡಬೇಕು," ಎಂದೆ.

ಜೊತೆಗೆ ನೀರಿಗಿಳಿಯಲು ಇನ್ನೊಬ್ಬ ಬೇಕಿತ್ತು. ನೇತ್ರಾಣಿಯಲ್ಲಿ ಜನರನ್ನು ಇಳಿಸುತ್ತಿದ್ದ ಡೈವಿಂಗ್ ಕಲಿಸುವವನನ್ನು ಮುರುಡೇಶ್ವರಕ್ಕೆ ಹೋಗಿ ಕಂಡೆ. ನಮ್ಮಲ್ಲಿಗೇ ಬನ್ನಿ, ಅಲ್ಲಿ ಇಳಿದರೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ, ಫೋಟೊ ತೆಗೆಯುವಂಥದ್ದು ಒಂದೂ ಇಲ್ಲ ಎಂದ. ಆಗ ವಿಷಯ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಅವನು ಎಷ್ಟು ಆಳ ಎಂದಷ್ಟೇ ಕೇಳಿದ. ಮೇ ತಿಂಗಳ ಮೊದಲ ವಾರ ಟೆಂಪೋದಲ್ಲಿ ಗಾಳಿಯ ಸಿಲಿಂಡರ್ ಹಾಕಿಕೊಂಡು ಬಂದ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಅಷ್ಟರಲ್ಲಿ ಎಲ್ಲ ಬೋಟಿಗೂ ಜಿಪಿಎಸ್ ಬಂದಿತ್ತು. ತಾಂಡೇಲ ಅದನ್ನು ಮುಟ್ಟಲಿಲ್ಲ. ಹಳೆಯ ಕಾಲದವರ ಹಾಗೆ ಗುರುತು ಹಿಡಿದ. ಉತ್ತರಕ್ಕೆ ಕಾರವಾರದ ದೀಪಸ್ತಂಭದ ತುದಿ ನಡುವಿನ ದ್ವೀಪದ ಅಂಚಿನಿಂದ ಹೊರಗೆ ಬರಬೇಕು. ಪೂರ್ವಕ್ಕೆ ನಮ್ಮೂರ ಗುಡ್ಡದ ತಗ್ಗಿನಲ್ಲಿ ಹಿಂದಿನ ಘಟ್ಟದ ತುದಿ ಸರಿಯಾಗಿ ಕೂರಬೇಕು. ಎರಡೂ ಒಟ್ಟಿಗೆ ಕೂಡಿದ ಕಡೆ ಜಾಗ. ಅತ್ತ ನೋಡಿ ಇತ್ತ ನೋಡಿ ಬೋಟನ್ನು ಅಷ್ಟಷ್ಟೇ ಸರಿಸಿದ. ಎಂಜಿನ್ ನಿಲ್ಲಿಸಿ, "ಇಲ್ಲೇ," ಎಂದ. ಲಂಗರು ಇಳಿಸುವಾಗ ಹಗ್ಗವನ್ನು ಕೈಯಗಲಿಸಿ ಅಳೆದು ಹತ್ತು ಮಾರು ಎಂದು ಎಣಿಸಿದ. ಆಮೇಲೆ ಬೇರೆ ಕಡೆ ತಿರುಗಿ ನಿಂತ. ಒಂದೂಮುಕ್ಕಾಲು ವರ್ಷ ಆ ಗುರುತನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ದಾನೆ ಎಂದು ನನಗೆ ಆಗ ಹೊಳೆಯಿತು. ಅವನ ಮೇಲೆ ಒಳಗೊಳಗೇ ಇದ್ದ ನನ್ನ ಮುನಿಸು ಅಲ್ಲಿಗೆ ಮುಗಿಯಿತು.

ಲಂಗರಿನ ಹಗ್ಗ ಹಿಡಿದು ಇಬ್ಬರೂ ಇಳಿದೆವು. ಮೊದಲು ಹಸಿರು. ನಾಲ್ಕು ಮಾರು ಹೋಗುವುದರೊಳಗೆ ಚಹಾದ ಬಣ್ಣ. ಆಮೇಲೆ ಜೊತೆಗಾರ ಕಾಣಲಿಲ್ಲ, ನನ್ನ ತೋಳು ಹಿಡಿದ ಅವನ ಕೈ ಮಾತ್ರ ಇತ್ತು. ದ್ವೀಪದಲ್ಲಿ ಸುಖವಾಗಿ ಕೇಳಿಸಿದ ನನ್ನ ಉಸಿರಿನ ಸದ್ದು ಇಲ್ಲಿ ಹೆದರಿಕೆ ಹುಟ್ಟಿಸಿತು. ಕಾಲು ತಳಕ್ಕೆ ತಾಗಿದ್ದು ಗೊತ್ತಾಗಲಿಲ್ಲ, ಅಷ್ಟು ಮೆತ್ತಗಿತ್ತು. ಮೊಣಕಾಲೂರಿ ಕೈ ಇಟ್ಟೆ. ಮಣಿಕಟ್ಟಿನವರೆಗೆ ಒಳಗೆ ಹೋಯಿತು. ನುಣ್ಣಗಿನ ಮಣ್ಣು, ನಮ್ಮ ಗದ್ದೆಯದೇ ಎನ್ನುವಂಥ ಮಣ್ಣು. ಅಣ್ಣನನ್ನು ಒಮ್ಮೆ ಕೂಗಬೇಕೆನಿಸಿತು. ಬಾಯಲ್ಲಿ ನಳಿಗೆಯಿತ್ತು. ಮುಖವಾಡದೊಳಗೆ ಕಣ್ಣೀರು ಬಂದರೆ ಒರೆಸಿಕೊಳ್ಳಲು ಆಗುವುದಿಲ್ಲ ಎಂಬುದನ್ನು ಯಾರೂ ಕಲಿಸಿರಲಿಲ್ಲ.

ಫ್ಲ್ಯಾಶ್ ಹಾಕಿದರೆ ನೀರಿನಲ್ಲಿಯ ಕಸವೇ ಬೆಳ್ಳಗೆ ಮಿಂಚಿ ಎಲ್ಲ ಮುಚ್ಚುತ್ತಿತ್ತು. ಅದನ್ನು ಆರಿಸಿ, ಕ್ಯಾಮೆರಾವನ್ನು ಕೆಸರಿನ ಮೇಲೆಯೇ ಊರಿ, ಮೇಲ್ಮುಖ ಮಾಡಿ ಒಂದೇ ಒಂದು ತೆಗೆದೆ.

ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಅದನ್ನು ನೋಡಿ, "ಇದು ಹಾಳಾಗ್ಯದೆ ಸಾರ್, ಬಿಟ್ಬಿಡ್ಲಾ?" ಎಂದ. ಅದೊಂದೇ ಬೇಕು ಎಂದಾಗ ವಿಚಿತ್ರವಾಗಿ ನೋಡಿದ.

ಆಯಿಯ ಎದುರು ಈ ಸಲ ನಾನು ಏನೂ ವಿವರಿಸಲಿಲ್ಲ. ಫೋಟೊದ ತುಂಬ ಕಂದು. ಕೆಳಗಿನ ಅಂಚಿನಲ್ಲಿ ಕೆಸರಿನ ಗೆರೆ, ಮೇಲೆ ಎಲ್ಲೋ ಮಸುಕಾದ ಒಂದಿಷ್ಟು ಹಸಿರು. ಮತ್ತೆ ಕೈ ತೊಳೆದು, ಮತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡಳು.

"ಇದಾ?"

"ಇದೇ, ಆಯಿ."

"ಬೆಳಕು ಇಷ್ಟೇಯಾ?"

"ಇಷ್ಟೇ."

"ಥಂಡಿ ಇತ್ತಾ?"

"ಇಲ್ಲ. ಬೆಚ್ಚಗಿತ್ತು. ದ್ವೀಪದ ನೀರಿಗಿಂತ ಬೆಚ್ಚಗಿತ್ತು."

"ಅಡಿಗೆ ಕಲ್ಲಾ?"

"ಕಲ್ಲಿಲ್ಲ. ಮಣ್ಣು, ಮೆತ್ತಗೆ. ಕೈ ಇಟ್ಟೆ, ಒಳಗೆ ಹೋಯ್ತು."

ಅವಳು ಬೆರಳಿನಿಂದ ಆ ಕೆಸರಿನ ಗೆರೆಯನ್ನು ಎಡದಿಂದ ಬಲಕ್ಕೆ ಒಮ್ಮೆ ಸವರಿದಳು. ಆಮೇಲೆ ಕೆಸರಿನಲ್ಲಿ ಬೆಳಚು ಹುಡುಕುವವರ ಹಾಗೆ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಸವರಿದಳು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ ನನಗೆ ನೆನಪಿಲ್ಲ. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು. ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಹೋಗುತ್ತಿದ್ದವು. ಒಮ್ಮೆ ಅವಳ ಭುಜ ಅಲುಗಿತು. ನಂತರ ಅಳು ಬಂತು, ಒಂದೂಮುಕ್ಕಾಲು ವರ್ಷ ತಡೆದದ್ದೆಲ್ಲ ಒಮ್ಮೆಲೇ ಬಂತು. ನಾನೂ ಅವಳ ಪಕ್ಕ ಕೂತು ಗಟ್ಟಿಯಾಗಿ ಅತ್ತೆ. ನೆರೆಮನೆಯವರು ಓಡಿ ಬಂದು ಅಂಗಳದ ತುದಿಯಲ್ಲಿ ನಿಂತರು. ಯಾರೂ ಹತ್ತಿರ ಬರಲಿಲ್ಲ.

ಅಳು ನಿಂತ ಮೇಲೆ ಆಯಿ ಎದ್ದು ಬಾವಿಗೆ ಹೋದಳು. ಕೊಡ ಇಳಿಸಿ ಹೊಸ ನೀರು ಸೇದಿ, ತಂಬಿಗೆಯಲ್ಲಿ ತುಂಬಿಕೊಂಡು, ಕಟ್ಟೆಯಿಂದ ಒಂದು ತುಳಸಿ ಎಲೆ ಕಿತ್ತು ತಂದಳು. ಫೋಟೊವನ್ನು ಚಾಪೆಯ ಮೇಲೆ, ತಲೆ ದಕ್ಷಿಣಕ್ಕೆ ಬರುವ ಹಾಗೆ ಮಲಗಿಸಿದಳು. ಫೋಟೊಕ್ಕೆ ತಲೆ ಯಾವುದು ಎಂದು ಅವಳಿಗೆ ಹೇಗೆ ಗೊತ್ತಾಯಿತೋ, ನಾನು ಕೇಳಲಿಲ್ಲ. ತುಳಸಿ ಎಲೆಯನ್ನು ನೀರಿನಲ್ಲಿ ಅದ್ದಿ, ಬಾಯಿ ಇರಬಹುದಾದ ಕಡೆ ಒಂದು ಹನಿ ಬಿಟ್ಟಳು. ಕಾಗದದ ಮೇಲೆ ಹನಿ ದುಂಡಗೆ ನಿಂತಿತು.

"ಇಷ್ಟ್ ದಿನ ಉಪ್ಪು ನೀರೇ ಕುಡ್ದ," ಎಂದಳು. "ಒಂದ್ ಹನಿ ಸಿಹಿ ನೀರು ಕುಡ್ಕಂಡ್ ಹೋಗ್ಲಿ."

ಎಲೆಯನ್ನು ನನ್ನ ಕೈಗೆ ಕೊಟ್ಟಳು. ನಾನೂ ಅದ್ದಿ ಒಂದು ಹನಿ ಬಿಟ್ಟೆ. ಅಂಗಳದ ತುದಿಯಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಕಳಚಿ, ಮುಖ ನೋಡಲು ಒಳಗೆ ಬಂದರು.